ಅತ್ತಿಗೆ ಒಗೆದ ಬಟ್ಟೆ

ಹುಡುಗಿಯ ನಡಿಗೆ ಬದಲಾಗಿದೆ ಎಂದು ಮೊದಲು ಕಂಡುಹಿಡಿದವರು ಅಜ್ಜಿ. ಪೊರೆ ಬಂದ ಕಣ್ಣಿಗೆ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಮನೆಯೊಳಗೆ ಯಾರು ಹೇಗೆ ಹೆಜ್ಜೆ ಇಡುತ್ತಾರೆ ಎಂಬುದು ಮಾತ್ರ ತಪ್ಪದೆ ಕಾಣುತ್ತಿತ್ತು.

“ನಿನ್ನ ಮಗಳು ಕಾಲು ಅಗಲಿಸ್ಕೊಂಡು ಓಡಾಡ್ತಾಳೆ. ಮೂರು ದಿನದಿಂದ ನೋಡ್ತಿದೀನಿ,” ಎಂದರು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ.

“ಸೈಕಲ್ ತುಳೀತಾಳಲ್ಲ ಅಜ್ಜಿ, ಅದಕ್ಕಿರಬೇಕು.”

“ಸೈಕಲ್ ತುಳಿದ್ರೆ ಮೀನಖಂಡ ನೋಯುತ್ತೆ. ಇದು ಮೀನಖಂಡದ ನಡಿಗೆ ಅಲ್ಲ. ವಯಸ್ಸಿಗೆ ಬಂದ ಹುಡುಗಿ. ಕೇಳೋದು ತಾಯಿ ಕೆಲಸ. ಆಮೇಲೆ ನನಗ್ಯಾರೂ ಹೇಳ್ಲಿಲ್ಲ ಅನ್ಬೇಡ.”

ಮಗಳು ಹುಟ್ಟಿದ ಮೇಲೆ ಅತ್ತೆಯನ್ನು ಸೊಸೆಯೂ ಅಜ್ಜಿ ಎಂದೇ ಕರೆಯುತ್ತಿದ್ದಳು. ಆ ಸೊಸೆಯನ್ನು ಬೀದಿಯವರೆಲ್ಲ ಲಾಂಡ್ರಿಯಕ್ಕ ಎನ್ನುತ್ತಿದ್ದರು. ಹೋಟೆಲುಗಳ ಹಾಸಿಗೆ ಬಟ್ಟೆ, ಟವೆಲ್ಲು, ಮೇಜಿನ ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಆಕೆಗೆ ಹತ್ತೊಂಬತ್ತು ವರ್ಷದ ಕೆಲಸ. ಕಾಫಿ ಕಲೆಗೆ ಏನು, ಲಿಪ್‌ಸ್ಟಿಕ್ ಕಲೆಗೆ ಏನು, ರಕ್ತದ ಕಲೆಗೆ ಬಿಸಿನೀರು ಯಾಕೆ ತಾಗಿಸಬಾರದು, ಎಲ್ಲ ಬಾಯಿಪಾಠ. ಮನೆಯಲ್ಲಿ ಬೇರೆ ಯಾರಾದರೂ ಬಟ್ಟೆಯ ಬಕೆಟ್ಟಿಗೆ ಕೈ ಹಾಕಿದರೆ ಆಕೆಗೆ ಮೈಯೆಲ್ಲ ಮುಳ್ಳು. ಬೇರೆಯವರು ಒಗೆದದ್ದು ಒಗೆದ ಲೆಕ್ಕವೇ ಅಲ್ಲ ಅವಳಿಗೆ.

ಆ ಸಂಜೆ ಮಗಳನ್ನು ಬಚ್ಚಲುಮನೆಗೆ ಕರೆದು ಬಾಗಿಲು ಹಾಕಿದಳು.

“ಏನಾಗಿದೆ? ನಿಜ ಹೇಳು.”

“ಏನೂ ಇಲ್ಲ.”

“ಏನೂ ಇಲ್ಲದೆ ಬಾತುಕೋಳಿ ಹಾಗೆ ನಡೀತಿದೀಯಾ?”

ಹುಡುಗಿ ಗೋಡೆ ನೋಡಿದಳು. “ಉರಿ ಅಮ್ಮ. ಕ್ಲಾಸಲ್ಲಿ ಕೂರೋಕಾಗಲ್ಲ. ಕೆರೆದ್ರೆ ಇನ್ನೂ ಉರಿ.”

ಬೇಡ ಬೇಡ ಎನ್ನುತ್ತಲೇ ತೋರಿಸಿದಳು. ಎರಡೂ ತೊಡೆಸಂದಿನಲ್ಲಿ ಚರ್ಮ ಕೆಂಪಾಗಿ ಹಸಿಯಾಗಿತ್ತು, ಅಂಚಿನುದ್ದಕ್ಕೂ ಸಣ್ಣ ಗುಳ್ಳೆ. ಆ ಕೆಂಪಿಗೆ ಒಂದು ಆಕಾರವಿತ್ತು. ಲಾಂಡ್ರಿಯಕ್ಕನಿಗೆ ಕಲೆ ಓದುವುದು ಗೊತ್ತು. ಕಲೆಯ ಅಂಚು ನೋಡಿದರೆ ಯಾವ ಲೋಟ ಯಾವ ಮೇಜಿನ ಮೇಲಿತ್ತು ಎಂದು ಹೇಳುವವಳು ಅವಳು. ಇದು ಮುಟ್ಟಿನ ಪ್ಯಾಡಿನ ಆಕಾರ. ಎರಡು ಕಡೆ ಮಡಚಿ ಗುಂಡಿ ಹಾಕುವ ರೆಕ್ಕೆಗಳ ಸಮೇತ ಅಚ್ಚೊತ್ತಿದ ಹಾಗಿತ್ತು.

ಅಜ್ಜಿ ಹೆದರಿಸಿದಂಥದ್ದು ಏನೂ ಅಲ್ಲ ಎಂದು ಎದೆ ಒಮ್ಮೆ ಹಗುರಾಯಿತು. ಮರುಕ್ಷಣವೇ ಬೇರೆ ಕಡೆ ಭಾರವಾಯಿತು. ಆ ಪ್ಯಾಡ್ ಹೊಲಿದವಳು ನಾದಿನಿ.

ನಾದಿನಿ ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದು ಎರಡು ವರ್ಷ. ಯಾಕೆ ಬಂದಳೆಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ತಾನು ತಿಂದ ತಟ್ಟೆ ತಾನೇ ತೊಳೆಯುತ್ತಿದ್ದಳು, ತನ್ನ ಬಟ್ಟೆ ತಾನೇ ಒಗೆಯುತ್ತಿದ್ದಳು. ಯಾರಿಗೂ ಭಾರವಾಗಬಾರದೆಂಬ ಅವಳ ಆ ಜಾಗರೂಕತೆ ಲಾಂಡ್ರಿಯಕ್ಕನಿಗೆ ಜಂಬದ ಹಾಗೆ ಕಾಣುತ್ತಿತ್ತು. ಒಂದು ವರ್ಷದಿಂದ ಹಜಾರದ ಕಿಟಕಿಯ ಕೆಳಗೆ ಹೊಲಿಗೆ ಮಷೀನು ಹಾಕಿಕೊಂಡು ನಾದಿನಿ ಒಗೆದು ಮತ್ತೆ ಬಳಸುವ ಬಟ್ಟೆ ಪ್ಯಾಡುಗಳನ್ನು ಹೊಲಿದು ಮಾರುತ್ತಿದ್ದಳು. ಶರ್ಟ್ ಫ್ಯಾಕ್ಟರಿಯಲ್ಲಿ ಮಿಕ್ಕ ಹತ್ತಿಬಟ್ಟೆಯ ತುಂಡುಗಳು ಮೂಟೆಯಲ್ಲಿ ಬರುತ್ತಿದ್ದವು. ಅಕ್ಕಪಕ್ಕದ ಹದಿನಾಲ್ಕು ಮನೆಯವರು ಕೊಳ್ಳುತ್ತಿದ್ದರು. ಈಗ ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್ಲೊಂದರ ವಾರ್ಡನ್ ಮೇಡಂ, ಅರವತ್ತು ಹುಡುಗಿಯರಿಗೂ ಬೇಕು, ಮೊದಲು ಮಾದರಿ ತೋರಿಸಿ ಎಂದಿದ್ದರು. ಅದೊಂದು ಕೈಗೂಡಿದರೆ ನಾದಿನಿ ಮೂಲೆ ಅಂಗಡಿಯ ಪಕ್ಕದ ಸಣ್ಣ ಕೋಣೆ ಬಾಡಿಗೆಗೆ ಹಿಡಿದು ತನ್ನ ಕಾಲ ಮೇಲೆ ನಿಲ್ಲುವವಳಿದ್ದಳು. ಆ ಮಾತು ಅವಳು ದಿನಕ್ಕೊಮ್ಮೆ ಆಡುತ್ತಿದ್ದಳು.

ರಾತ್ರಿ ಊಟದ ಹೊತ್ತಿಗೆ ಲಾಂಡ್ರಿಯಕ್ಕ ಬೇಳೆ ಬಡಿಸುತ್ತಲೇ ಕೇಳಿದಳು, “ಅಲ್ಲ ಕಣಮ್ಮ, ಈ ಸಲ ಬಂದ ಮೂಟೆ ಹೊಸ ಕಡೆಯದಾ?”

“ಅದೇ ಫ್ಯಾಕ್ಟರಿ. ಯಾಕೆ ಅತ್ತಿಗೆ?”

“ಹುಡುಗಿಗೆ ಮೈಯೆಲ್ಲ ಕಿತ್ತು ಬಂದಿದೆ.”

“ಅಮ್ಮಾ!” ಹುಡುಗಿಯ ಕೈ ತಟ್ಟೆಯಲ್ಲೇ ನಿಂತಿತು.

ಲಿಫ್ಟ್ ರಿಪೇರಿ ಮಾಡುವ ಗಂಡ ತಟ್ಟೆ ಎತ್ತಿಕೊಂಡ. “ನಾನು ಟಿವಿ ಮುಂದೆ ಕೂತ್ಕೋತೀನಿ.”

“ಹೋಗು, ಹೋಗು,” ಎಂದರು ಅಜ್ಜಿ. “ಹೆಂಗಸರ ವಿಷಯ ಎತ್ತಿದ್ರೆ ಗಂಡಸರಿಗೆ ಎಲ್ಲಿಲ್ಲದ ಕೆಲಸ.”

ನಾದಿನಿ ಹುಡುಗಿಯ ಕಡೆ ತಿರುಗಿದಳು. “ಎಷ್ಟು ಹೊತ್ತಿಗೊಂದ್ಸಲ ಬದಲಾಯಿಸ್ತೀಯಾ ಮರಿ? ಬೆಳಿಗ್ಗೆ ಹಾಕ್ಕೊಂಡಿದ್ದು ಸಂಜೆವರೆಗೂ ಇಟ್ಕೋತೀಯಾ?”

“ಇಲ್ಲ ಅತ್ತೆ. ಮಧ್ಯಾಹ್ನ ಒಂದ್ಸಲ ಬದಲಾಯಿಸ್ತೀನಿ. ಬದಲಾಯಿಸದಿದ್ರೆ ಪಕ್ಕದಿಂದ ಸೋರುತ್ತೆ.”

“ಸೋರುತ್ತಾ?” ನಾದಿನಿಯ ಹುಬ್ಬು ಗಂಟಾಯಿತು. “ನನ್ನದು ಯಾವತ್ತೂ ಸೋರಲ್ಲ. ಬೇರೆ ಯಾರೂ ಹೇಳಿಲ್ಲ.”

“ಅಂದ್ರೆ ನನ್ನ ಮಗಳು ಸುಳ್ಳು ಹೇಳ್ತಾಳೆ ಅಂತ ಆಯ್ತು,” ಎಂದಳು ಲಾಂಡ್ರಿಯಕ್ಕ.

“ಹಾಗಂದ್ನಾ ಅತ್ತಿಗೆ?”

“ಅನ್ನಲಿಲ್ಲ. ಅನ್ನೋದೊಂದು ಬಾಕಿ.”

ನಾದಿನಿ ಎದ್ದು ತನ್ನ ತಟ್ಟೆ ತೊಳೆದಳು. ತೊಳೆದು ಇಟ್ಟ ಸದ್ದೂ ಲಾಂಡ್ರಿಯಕ್ಕನಿಗೆ ಉತ್ತರ ಕೊಟ್ಟ ಹಾಗೆ ಕೇಳಿಸಿತು.

ಸಂಶಯ ಒಮ್ಮೆ ಮನೆ ಹೊಕ್ಕರೆ ಎಲ್ಲ ಮೂಲೆಯಲ್ಲೂ ಹಾಸಿಗೆ ಹಾಸುತ್ತದೆ. ಮರುದಿನ ಮಹಡಿಯ ಮೇಲೆ ನೀರಿನ ಟ್ಯಾಂಕು ನೋಡಲು ಹೋದ ಲಾಂಡ್ರಿಯಕ್ಕ ಹಗ್ಗದ ಮೇಲೆ ನಾದಿನಿಯ ಪ್ಯಾಡುಗಳು ಒಣಗುತ್ತಿರುವುದನ್ನು ಕಂಡಳು. ನಾದಿನಿ ಅವನ್ನು ಬಿಸಿಲಿಗೇ ಹಾಕುತ್ತಿದ್ದಳು. ಎದುರು ಕಟ್ಟಡದಲ್ಲಿ ಮೂವತ್ತಾರು ಕಿಟಕಿ ಇವೆ, ಮಾನ ಬೇಡವೇ ಎಂದು ಅಜ್ಜಿ ಕೂಗಾಡಿದರೆ, “ಸೂರ್ಯನಿಗೇ ನಾಚಿಕೆ ಇಲ್ಲ, ನನಗ್ಯಾಕಮ್ಮ?” ಎಂದು ನಗುತ್ತಿದ್ದಳು. ಹುಡುಗಿಯದನ್ನು ಮಾತ್ರ ಅಜ್ಜಿಯ ಮಾತಿನಂತೆ ಒಳಗಿನ ಓಣಿಯಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಮರೆಮಾಡಿ ಒಣಗಿಸುತ್ತಿದ್ದದ್ದು ಲಾಂಡ್ರಿಯಕ್ಕ. ಗಾಳಿಯಿಲ್ಲದೆ ಅವು ಮುಗ್ಗಲು ವಾಸನೆ ಹೊಡೆಯಬಾರದೆಂದು ಕೊನೆಯ ನೀರಿಗೆ ಒಂದು ಮುಚ್ಚಳ ಸೆಂಟು ನೀರು ಬೆರೆಸುತ್ತಿದ್ದಳು. ಲಾಂಡ್ರಿಯಲ್ಲಿ ಹೋಟೆಲ್ ಟವೆಲ್ಲು ಮೆತ್ತಗಾಗಲು, ಗಮಗಮ ಎನ್ನಲು ಹಾಕುವ ನೀಲಿ ದ್ರಾವಣ ಅದು. ಕ್ಯಾನಿನ ತಳದಲ್ಲಿ ಉಳಿದದ್ದನ್ನು ನೀರಿನ ಬಾಟಲಿಗೆ ಸುರಿದುಕೊಂಡು ಬ್ಯಾಗಿನಲ್ಲಿ ತರುತ್ತಿದ್ದಳು. ಎಲ್ಲ ಹೆಂಗಸರೂ ತರುತ್ತಿದ್ದರು, ಯಾರೂ ಹೇಳುತ್ತಿರಲಿಲ್ಲ. ಇಷ್ಟು ಮುತುವರ್ಜಿಯಿಂದ ಒಗೆದ ಮೇಲೂ ಮಗಳ ಮೈ ಕಿತ್ತುಬಂದಿದೆ ಎಂದರೆ ತಪ್ಪು ಬಟ್ಟೆಯದ್ದೇ ಅಲ್ಲವೇ?

ಹಗ್ಗದ ಮೇಲಿದ್ದ ನಾದಿನಿಯ ಪ್ಯಾಡನ್ನು ಮುಟ್ಟಿ ನೋಡಿದಳು. ಮಗಳದ್ದಕ್ಕಿಂತ ಬೇರೆ ಥರ ಇತ್ತು ಕೈಗೆ. ಸ್ವಲ್ಪ ಒರಟು, ಗರಿಗರಿ. ಮಗಳದ್ದು ಜಾರುವಷ್ಟು ನುಣುಪು. ‘ತನಗೊಂದು ಬಟ್ಟೆ, ನನ್ನ ಮಗಳಿಗೊಂದು ಬಟ್ಟೆ’ ಎಂದುಕೊಂಡಳು. ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗೆ ತಂದಳು.

ನಾದಿನಿ ದಾರ ತರಲು ಹೋದಾಗ ಅವಳದೇ ಕತ್ತರಿ ತೆಗೆದು ಅದನ್ನೂ ಮಗಳದ್ದೊಂದನ್ನೂ ಬಿಚ್ಚಿದಳು. ಮೇಲೊಂದು ಪದರ ಬಿಳಿ ಬಟ್ಟೆ, ಒಳಗೆ ನಾಲ್ಕು ಪದರ ಮೆತ್ತನೆ ಹತ್ತಿ, ಅಡಿಗೆ ನೀರು ಇಳಿಯದ ತೆಳ್ಳನೆ ಹಾಳೆ. ಇಲ್ಲೂ ಅದೇ, ಅಲ್ಲೂ ಅದೇ. ಎಳೆ ಎಳೆ ಬಿಡಿಸಿ ಬೆಳಕಿಗೆ ಹಿಡಿದಳು. ಕೂದಲಷ್ಟೂ ವ್ಯತ್ಯಾಸವಿಲ್ಲ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಣ್ಣಿಗೆ ಕಾಣದ ಬಣ್ಣವೋ ಗಂಜಿಯೋ ಇರಬೇಕು ಎನಿಸಿತು. ಚೂರುಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದಳು.

ಸಂಜೆ ನಾದಿನಿ ಮಹಡಿಯಿಂದ ಇಳಿದು ಬಂದು, “ಒಂದು ಕಡಿಮೆ ಇದೆಯಲ್ಲ,” ಎಂದಳು.

“ಗಾಳಿಗೆ ಹಾರಿರುತ್ತೆ,” ಎಂದಳು ಲಾಂಡ್ರಿಯಕ್ಕ, ಮೊಟ್ಟೆ ಸುಲಿಯುತ್ತ.

“ಎರಡು ಕ್ಲಿಪ್ ಹಾಕಿದ್ದೆ ಅತ್ತಿಗೆ.”

“ಹಾಗಾದ್ರೆ ಮೂವತ್ತಾರು ಕಿಟಕಿಯವರನ್ನ ಕೇಳು,” ಎಂದರು ಅಜ್ಜಿ.

ಮುಂದಿನ ತಿಂಗಳು ಹುಡುಗಿಗೆ ಎರಡನೇ ದಿನಕ್ಕೇ ಚರ್ಮ ಸುಲಿಯಿತು. ಸೈಕಲ್ ಬಿಟ್ಟಳು, ಆಮೇಲೆ ಕಾಲೇಜಿಗೂ ಹೋಗದಾದಳು. ಪರೀಕ್ಷೆ ಹತ್ತಿರವಿತ್ತು. ಫ್ಯಾನಿನ ಕೆಳಗೆ ಮಂಡಿ ಮಡಚಿ ಮಲಗಿ, ಬಂದವರ ಮೇಲೆಲ್ಲ ಹರಿಹಾಯುತ್ತಿದ್ದಳು. ನಾದಿನಿ ಕೊಬ್ಬರಿ ಎಣ್ಣೆ ತಂದರೆ, “ನೀವು ಏನೂ ಕೊಡ್ಬೇಡಿ ಅತ್ತೆ,” ಎಂದಳು. ಯಾರು ಹೇಳಿಕೊಟ್ಟರೋ ಎಂಬಂತೆ ನಾದಿನಿ ಅಡುಗೆಮನೆಯ ಕಡೆ ನೋಡಿದಳು. ಲಾಂಡ್ರಿಯಕ್ಕ ಒಲೆಯ ಕಡೆ ತಿರುಗಿದಳು.

ಅರ್ಧ ದಿನ ರಜೆ ಹಾಕಿ ಮಗಳನ್ನು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಪರದೆಯ ಹಿಂದೆ ನೋಡಿ ಬಂದು ಕೈ ತೊಳೆದರು.

“ಹೆದರೋ ಅಂಥದ್ದೇನಿಲ್ಲ. ಏನೋ ಒಗ್ತಾ ಇಲ್ಲ ಚರ್ಮಕ್ಕೆ. ಏನು ಬಳಸ್ತಾಳೆ?”

“ಬಟ್ಟೆ ಪ್ಯಾಡ್. ನನ್ನ ನಾದಿನಿ ಹೊಲಿಯೋದು.”

“ಏನು ಹಾಕಿ ಒಗೀತೀರಿ?”

“ಸೋಪು.”

“ಸೋಪು ಮಾತ್ರನಾ? ಸೆಂಟು, ಡೆಟಾಲ್, ಬ್ಲೀಚಿಂಗ್, ಅಂಥದ್ದೇನಾದ್ರೂ?”

ಬ್ಯಾಗಿನೊಳಗಿನ ನೀರಿನ ಬಾಟಲಿ, ಲಾಂಡ್ರಿಯ ಗೇಟಿನಲ್ಲಿ ಬ್ಯಾಗು ತಡಕುವ ವಾಚ್‌ಮನ್ ಲಾಂಡ್ರಿಯಕ್ಕನ ಕಣ್ಣ ಮುಂದೆ ಹಾದುಹೋದರು. ಹತ್ತೊಂಬತ್ತು ವರ್ಷ ಬಟ್ಟೆ ಒಗೆದವಳಿಗೆ ಒಗೆಯುವುದರ ಬಗ್ಗೆಯೇ ಪ್ರಶ್ನೆ.

“ಇಲ್ಲ ಡಾಕ್ಟ್ರೇ. ಬರೀ ಸೋಪು. ಮೂರು ನೀರಲ್ಲಿ ಜಾಲಿಸ್ತೀನಿ.”

“ಸರಿ. ಮುಲಾಮು ಬರ್ಕೊಟ್ಟಿದೀನಿ. ಸಡಿಲ ಬಟ್ಟೆ ಹಾಕ್ಕೊಳ್ಲಿ, ಉಗುರು ತಾಗಿಸ್ಬಾರ್ದು. ಸದ್ಯಕ್ಕೆ ಆ ಪ್ಯಾಡ್ ನಿಲ್ಲಿಸಿ, ವಾಸನೆ ಇಲ್ಲದ ಬೇರೆ ಯಾವುದಾದ್ರೂ ಹಾಕಿ ನೋಡಿ. ನೋಡೋಣ ಯಾವುದರಿಂದ ಅಂತ.”

ಮನೆಗೆ ಬಂದಾಗ ಹಜಾರದಲ್ಲಿ ವಾರ್ಡನ್ ಮೇಡಂ ಕುಳಿತಿದ್ದರು. ಕೈಯಲ್ಲಿ ಕೀಲಿಗೊಂಚಲು, ತೊಡೆಯ ಮೇಲೆ ನಾದಿನಿಯ ಮಾದರಿ ಪ್ಯಾಡು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಇದ್ದರು. ನಾದಿನಿ ಅಪರೂಪಕ್ಕೆ ಒಳ್ಳೆಯ ಸೀರೆ ಉಟ್ಟಿದ್ದಳು, ಟೀ ಕೊಡುತ್ತಿದ್ದಳು. ಆ ಸೀರೆ, ಆ ನಗು ನೋಡಿ, ಪಕ್ಕದಲ್ಲಿ ಮಗಳು ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದ್ದು ನೆನಪಾಗಿ, ಲಾಂಡ್ರಿಯಕ್ಕನಿಗೆ ತಡೆಯಲಾಗಲಿಲ್ಲ.

“ಡಾಕ್ಟರ್ ಹತ್ರ ಹೋಗಿ ಬಂದ್ವಿ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ನಿನ್ನ ಪ್ಯಾಡ್ ನಿಲ್ಲಿಸ್ಬೇಕಂತೆ. ಡಾಕ್ಟರೇ ಹೇಳಿದ್ರು.”

ನಾದಿನಿ ಟೀ ತಟ್ಟೆ ಕೆಳಗಿಟ್ಟಳು. “ಅತ್ತಿಗೆ, ಒಳಗೆ ಮಾತಾಡೋಣ.”

“ಒಳಗೇನು ಹೊರಗೇನು? ಮನೆ ಹುಡುಗಿಯ ಚರ್ಮ ಕಿತ್ತು ಬಂದಿದೆ, ಅರವತ್ತು ಹುಡುಗಿಯರಿಗೆ ಕೊಡೋಕೆ ಹೊರಟಿದೀಯಾ? ಫ್ಯಾಕ್ಟರಿ ಚಿಂದಿ. ಅದರಲ್ಲಿ ಏನೇನು ಬಣ್ಣ ಇರುತ್ತೋ.”

ವಾರ್ಡನ್ ಮೇಡಂ ಪ್ಯಾಡನ್ನು ಎರಡು ಬೆರಳಿನಲ್ಲಿ ಎತ್ತಿ ಮಷೀನಿನ ಮೇಲಿಟ್ಟರು. “ನೋಡೋಣ. ಆಮೇಲೆ ತಿಳಿಸ್ತೀನಿ,” ಎಂದರು. ಟೀ ಮುಟ್ಟಲಿಲ್ಲ. ಪಕ್ಕದ ಮನೆಯವರಿಗೂ ಹಾಲು ಕಾಯಿಸುವುದು ನೆನಪಾಯಿತು.

ಅವರೆಲ್ಲ ಹೋದ ಮೇಲೆ ನಾದಿನಿ ಇಷ್ಟೇ ಕೇಳಿದಳು, “ಡಾಕ್ಟರು ನಿಲ್ಲಿಸಿ ಅಂದ್ರಾ, ಸದ್ಯಕ್ಕೆ ನಿಲ್ಲಿಸಿ ನೋಡಿ ಅಂದ್ರಾ?”

“ಎರಡಕ್ಕೂ ಏನು ವ್ಯತ್ಯಾಸ?”

“ನನಗೆ ಅರವತ್ತು ಹುಡುಗಿಯರಷ್ಟು ವ್ಯತ್ಯಾಸ ಅತ್ತಿಗೆ.”

ಮೂರನೇ ತಿಂಗಳು ಅಂಗಡಿಯಿಂದ ವಾಸನೆಯಿಲ್ಲದ ಪ್ಯಾಡು ಬಂತು. ಹುಡುಗಿಗೆ ಏನೂ ಆಗಲಿಲ್ಲ. ಮತ್ತೆ ಸೈಕಲ್ ಹತ್ತಿದಳು. ಲಾಂಡ್ರಿಯಕ್ಕ ಗೆದ್ದವಳಂತೆ ಓಡಾಡಿದಳು, ಬೇಕೆಂದೇ ನಾದಿನಿಯ ಎದುರು, “ಈಗ ಹೇಗಿದೆ ಮರಿ?” ಎಂದು ಕೇಳಿದಳು. ಹದಿನಾಲ್ಕು ಮನೆಯಲ್ಲಿ ಒಂಬತ್ತು ಮನೆಯವರು ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಆಗಬಹುದು ಎಂಬ ಭಯವೇ ಸಾಕಾಗಿತ್ತು.

ಮಷೀನಿನ ಸದ್ದು ನಿಂತ ಮನೆ ವಿಚಿತ್ರವಾಗಿತ್ತು. ನಾದಿನಿ ಹೊಲಿದದ್ದನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ನೀರಿಗೆ ಬಣ್ಣ ಬಿಡುತ್ತದೆಯೇ ಎಂದು ಬಿಳಿ ಬಟ್ಟಲಿನಲ್ಲಿ ಸೋಸಿ ಕಿಟಕಿಗೆ ಹಿಡಿಯುತ್ತಿದ್ದಳು. ತುಂಡುಗಳನ್ನು ಕೆನ್ನೆಗೆ ಒತ್ತಿಕೊಂಡು ಕೂರುತ್ತಿದ್ದಳು.

“ಇವಳಿಗೆ ಏನಾಗಿದೆಯೋ,” ಎಂದರು ಅಜ್ಜಿ. “ಗ್ಯಾಸು ಸುಮ್ನೆ ಬರುತ್ತಾ?”

“ನನ್ನ ಬಟ್ಟೆಯಲ್ಲೇ ಏನೋ ಇರ್ಬೇಕಮ್ಮ. ಸಿಗ್ತಾ ಇಲ್ಲ. ಸಿಗದೆ ಬಿಡಲ್ಲ.”

ಲಾಂಡ್ರಿಯಕ್ಕನಿಗೆ ಅದೂ ನಾಟಕವೆನಿಸಿತು. ತಪ್ಪು ಗೊತ್ತಿದ್ದವಳೇ ಹೀಗೆ ಹುಡುಕುವವಳಂತೆ ಆಡುತ್ತಾಳೆ ಎಂದುಕೊಂಡಳು.

ಆ ವಾರ ಬುಧವಾರ ಲಾಂಡ್ರಿಗೆ ಒಂದು ಹೋಟೆಲಿನಿಂದ ನಾಲ್ಕು ಗಾಡಿ ಟವೆಲ್ಲು ವಾಪಸ್ಸು ಬಂದವು. ಮೈ ಒರೆಸಿದರೆ ನೀರು ಹೀರುವುದಿಲ್ಲ, ಮೈಮೇಲೆ ಜಾರುತ್ತದೆ ಎಂದು ಗಿರಾಕಿಗಳ ದೂರು. ಒಬ್ಬರಿಗೆ ಕತ್ತಿನ ಮೇಲೆ ದದ್ದು ಎದ್ದಿತ್ತಂತೆ. ಸೂಪರ್‌ವೈಸರ್ ಹೆಂಗಸರನ್ನೆಲ್ಲ ಮೇಜಿನ ಸುತ್ತ ನಿಲ್ಲಿಸಿದ. ಒಂದು ಟವೆಲ್ಲು ಹಾಸಿ, ಲೋಟದಲ್ಲಿ ಬೆರಳದ್ದಿ ಒಂದು ಹನಿ ನೀರು ಬಿಟ್ಟ. ಹನಿ ಬಟ್ಟೆಯೊಳಗೆ ಇಳಿಯಲಿಲ್ಲ. ಗಾಜಿನ ಮಣಿಯ ಹಾಗೆ ಮೇಲೆಯೇ ಕುಳಿತಿತು.

“ನೋಡಿದ್ರಾ? ಯಾರೋ ಡ್ರಮ್ಮಿಗೆ ಸೆಂಟು ನೀರು ಡಬಲ್ ಸುರಿದಿದೀರಿ. ಇದು ಮೇಣದ ಹಾಗೆ. ಎಳೆಗೆ ಅಂಟ್ಕೊಂಡು ಬಿಡುತ್ತೆ, ಹೋಗಲ್ಲ. ಐವತ್ತು ಕಿಲೋ ಬಟ್ಟೆಗೆ ಎರಡು ಲೋಟ ಅಂತ ಬೋರ್ಡ್ ಹಾಕಿಲ್ವಾ? ಜಾಸ್ತಿಯಾದ್ರೆ ಬಟ್ಟೆ ನೀರು ಕುಡಿಯಲ್ಲ, ಮೈಗೂ ಆಗಲ್ಲ. ಹತ್ತೊಂಬತ್ತು ವರ್ಷದವರು ನೀವಾದ್ರೂ ಹೇಳ್ಕೊಡ್ಬೇಕಲ್ಲ ಅಕ್ಕ?”

ಲಾಂಡ್ರಿಯಕ್ಕ ಹನಿಯನ್ನೇ ನೋಡುತ್ತ ನಿಂತಳು. ಐವತ್ತು ಕಿಲೋಗೆ ಎರಡು ಲೋಟ. ಮನೆಯ ಬಕೆಟ್ಟಿನಲ್ಲಿ ಆರು ಪ್ಯಾಡಿಗೆ ಒಂದು ಮುಚ್ಚಳ. ‘ಪಕ್ಕದಿಂದ ಸೋರುತ್ತೆ’ ಎಂದಿದ್ದಳು ಮಗಳು.

ಮನೆಗೆ ಬಂದವಳೇ ಕಪಾಟಿನ ಕೆಳಗಿನ ಗೂಡಿನಿಂದ ಮಗಳ ಹಳೆಯ ಪ್ಯಾಡೊಂದನ್ನು ತೆಗೆದಳು. ಮಹಡಿಗೆ ಹೋಗಿ ನಾದಿನಿಯದೊಂದನ್ನು ತಂದಳು. ಬಚ್ಚಲುಮನೆಯ ಬಾಗಿಲು ಹಾಕಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿ, ಬೆರಳದ್ದಿ ಒಂದೊಂದು ಹನಿ ಬಿಟ್ಟಳು. ನಾದಿನಿಯದು ಕಣ್ಣು ಮಿಟುಕಿಸುವಷ್ಟರಲ್ಲಿ ಕುಡಿಯಿತು. ಮಗಳದ್ದರ ಮೇಲೆ ಹನಿ ದುಂಡಗೆ ನಿಂತಿತು. ಬೆರಳಿನಿಂದ ಒತ್ತಿದಳು. ಜಾರಿ ಪಕ್ಕಕ್ಕೆ ಹೋಯಿತು, ಒಳಗೆ ಹೋಗಲಿಲ್ಲ.

ಹೊರಗೆ ಅಜ್ಜಿ ಬಾಗಿಲು ತಟ್ಟಿದರು. “ಎಷ್ಟು ಹೊತ್ತು? ಒಳಗೇನು ಮಾಡ್ತಿದೀಯಾ?”

“ಕಾಲು ತೊಳೀತಿದೀನಿ.”

ನೀಲಿ ನೀರನ್ನು ಬಚ್ಚಲಿಗೆ ಸುರಿದಳು. ಬಾಟಲಿಯನ್ನು ಸಪಾಟಾಗಿ ತುಳಿದು ಕಸಕ್ಕೆ ಹಾಕಿದಳು. ಪರಿಮಳ ಮಾತ್ರ ಬೇಗ ಹೋಗಲಿಲ್ಲ. ಹುಡುಗಿಗೆ ವಾಸಿಯಾಯಿತಲ್ಲ, ಇನ್ನು ಹೇಳಿ ಏನು ಪ್ರಯೋಜನ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದರೆ ಕದ್ದದ್ದು ಹೇಳಬೇಕು, ಡಾಕ್ಟರಿಗೆ ಸುಳ್ಳು ಹೇಳಿದ್ದು ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ಬಟ್ಟೆ ಒಗೆಯಲು ಬಾರದವಳು ತಾನು ಎಂದು ಹೇಳಬೇಕು.

ಹತ್ತು ದಿನ ಸುಮ್ಮನಿದ್ದಳು. ಆ ಹತ್ತು ದಿನ ಅವಳಿಗೆ ಎಲ್ಲರ ಮಾತಿನಲ್ಲೂ ಎರಡು ಅರ್ಥ ಕೇಳಿಸಿತು. “ಬಚ್ಚಲು ಏನೋ ಘಮ್ ಅನ್ನುತ್ತಲ್ಲ,” ಎಂದು ಗಂಡ ಹೇಳಿದರೆ ಹೋಗಿ ಮತ್ತೆ ನೀರು ಸುರಿದಳು. ನಾದಿನಿ, “ಹಳೇ ಪ್ಯಾಡ್ ಎಲ್ಲಿಟ್ಟಿದೀರಿ ಅತ್ತಿಗೆ?” ಎಂದು ಕೇಳಿದಾಗ, “ಯಾಕೆ?” ಎಂದು ಹಾವು ತುಳಿದವಳಂತೆ ತಿರುಗಿದಳು. “ಸುಮ್ನೆ ಕೇಳಿದೆ,” ಎಂದಿದ್ದಳು ನಾದಿನಿ. ಅಂದೇ ಅವನ್ನು ಎತ್ತಿ ಬಿಸಾಡಬೇಕೆಂದುಕೊಂಡಳು, ಯಾರಾದರೂ ನೋಡಿದರೆ ಎಂದು ಬಿಟ್ಟಳು.

ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕುಳಿತಾಗ ನಾದಿನಿ ಕೋಣೆಯಿಂದ ಹೊರಬಂದಳು. ಕಾಲು ಅಗಲಿಸಿಕೊಂಡು ನಡೆಯುತ್ತಿದ್ದಳು. ಅಜ್ಜಿಯ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಸಿಕ್ತು ಅತ್ತಿಗೆ,” ಎಂದಳು ನಾದಿನಿ. ಮುಖದಲ್ಲಿ ನೋವೂ ಇತ್ತು, ಒಂದು ಥರದ ನಿರಾಳವೂ ಇತ್ತು. “ಗುರುವಾರದಿಂದ ಮರಿಯ ಹಳೇ ಪ್ಯಾಡನ್ನೇ ಹಾಕ್ಕೊಂಡಿದ್ದೆ. ಬೇಕೂಂತಲೇ. ಇವತ್ತು ಬೆಂಕಿ ಹಚ್ಚಿದ ಹಾಗಿದೆ, ಅವಳಿಗಾದ ಹಾಗೇ. ನೀವು ಹೇಳಿದ್ದೇ ಸರಿ. ನನ್ನ ಬಟ್ಟೆಯದ್ದೇ ತಪ್ಪು.”

ಗಂಡ ಈ ಸಲ ತಟ್ಟೆ ಎತ್ತಿಕೊಂಡು ಹೋಗಲಿಲ್ಲ.

“ಹದಿನಾಲ್ಕು ಮನೆಗೂ ಹೋಗಿ ಹೇಳಿ ಬರ್ತೀನಿ, ಇದ್ದದ್ದನ್ನೆಲ್ಲ ಬಿಸಾಡಿ ಅಂತ. ಸೋಮವಾರ ಶರ್ಟ್ ಫ್ಯಾಕ್ಟರಿಗೆ ಹೋಗಿ ಹೆಸರು ಬರೆಸ್ತೀನಿ. ಕಾಲರ್ ಹೊಲಿಯೋರು ಬೇಕಂತೆ. ಅಣ್ಣ, ಮಷೀನು ಯಾರಿಗಾದ್ರೂ ಬೇಕಾ ಕೇಳಿ ನೋಡು.”

ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಉರಿಗೆ ತುಟಿ ಕಚ್ಚಿದಳು.

“ಹೋಗ್ಬೇಡ,” ಎಂದಳು ಲಾಂಡ್ರಿಯಕ್ಕ.

“ಹೇಳ್ಲೇಬೇಕಲ್ಲ ಅತ್ತಿಗೆ. ಬೇರೆ ಹುಡುಗಿಯರು...”

“ನಿನ್ನ ಬಟ್ಟೆ ಅಲ್ಲ. ನಾನು ಒಗೆದಿದ್ದು.”

ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ಹೇಳಿದಳು. ನೀಲಿ ನೀರು, ಮುಚ್ಚಳ, ಟವೆಲ್ಲು, ಹನಿ. ಹಗ್ಗದಿಂದ ಕದ್ದು ಕತ್ತರಿಸಿದ್ದನ್ನೂ ಹೇಳಿದಳು. ಮಾತು ಹೊರಬಂದಂತೆ ಅನ್ನ ಕೈಯಲ್ಲಿ ಒಣಗಿತು.

“ಲಾಂಡ್ರಿಯಿಂದ ತಂದಿದ್ದಾ?” ಎಂದ ಗಂಡ. “ಕೇಳಿ ತಂದ್ಯಾ?”

“ಇಲ್ಲ.”

“ಡಾಕ್ಟರು ಕೇಳಿದ್ರಲ್ಲಮ್ಮ,” ಎಂದಳು ಮಗಳು. ದನಿ ಬಹಳ ಸಣ್ಣಗಿತ್ತು. “ಸೆಂಟು ಏನಾದ್ರೂ ಹಾಕ್ತೀರಾ ಅಂತ ಕೇಳಿದ್ರು. ನಾನು ಪಕ್ಕದಲ್ಲೇ ಇದ್ದೆ. ಇಲ್ಲ ಅಂದೆ ನೀನು. ನಾನು ಅತ್ತೆ ಮೇಲೆ ರೇಗಿದೆ.”

“ಕಿಟಕಿ ಇದೆ, ಒಳಗೆ ಒಣಗಿಸು ಅಂದೆ,” ಎಂದು ಅಜ್ಜಿ ಗೊಣಗಿದರು. “ಏನೇನೋ ಸುರಿ ಅಂದ್ನಾ?” ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ನಾದಿನಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. “ಯಾವತ್ತು ಗೊತ್ತಾಯ್ತು ನಿಮಗೆ?”

“ಹೋದ ವಾರ. ಬುಧವಾರ.”

“ನಾನು ಹಾಕ್ಕೊಂಡಿದ್ದು ಮೊನ್ನೆ ಗುರುವಾರ.”

ಲಾಂಡ್ರಿಯಕ್ಕ ತಲೆ ಎತ್ತಲಿಲ್ಲ. ನಾದಿನಿ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನಿಧಾನವಾಗಿ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿಸಿಟ್ಟಳು.

“ಒಂದೇ ಒಂದು ಕೇಳ್ತೀನಿ ಅತ್ತಿಗೆ. ನನ್ನ ಬಟ್ಟೆ ಕೆಟ್ಟದ್ದು ಅಂತ ಯಾರ ಮುಂದೆ ಹೇಳಿದ್ರಿ?”

“ವಾರ್ಡನ್ ಮೇಡಂ ಮುಂದೆ. ಪಕ್ಕದ ಮನೆಯವರ ಮುಂದೆ.”

“ಇದನ್ನ ಹೇಳಿದ್ದು ಮನೆಯವರ ಮುಂದೆ.”

ಇಷ್ಟು ಹೇಳಿ ಒಳಗೆ ಹೋದಳು. ಮಗಳು ತನ್ನ ಮುಲಾಮಿನ ಟ್ಯೂಬು ಹುಡುಕಿಕೊಂಡು ಅವಳ ಹಿಂದೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಲಾಂಡ್ರಿಯಕ್ಕ ಪಕ್ಕದ ಮನೆಗಳಿಗೆ ಮೊದಲು ಹೋದಳು. ಒಬ್ಬಳು, “ಓ ಹಾಗಾ,” ಎಂದಳು, ಅಷ್ಟೇ. ಇನ್ನೊಬ್ಬಳು, “ಮನೆಯೊಳಗಿನ ಜಗಳ ನಮಗ್ಯಾಕೆ ಬಿಡಿ,” ಎಂದು ಬಾಗಿಲು ಹಾಕಿದಳು. ಅಲ್ಲಿಂದ ಹಾಸ್ಟೆಲ್ಲಿಗೆ ನಡೆದಳು. ವಾರ್ಡನ್ ಮೇಡಂ ಗೇಟಿನ ಪಕ್ಕದ ಕೋಣೆಯಲ್ಲಿ ಹುಡುಗಿಯರ ಸಹಿ ಪುಸ್ತಕ ತಿರುವುತ್ತಿದ್ದರು. ಕುಳಿತುಕೊಳ್ಳಿ ಎನ್ನಲಿಲ್ಲ.

ಲಾಂಡ್ರಿಯಕ್ಕ ನಿಂತೇ ಹೇಳಿದಳು. ಮೇಡಂ ಪುಸ್ತಕದಿಂದ ಕಣ್ಣೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ನಾದಿನಿ ಕಳಿಸಿದ್ರಾ?”

“ಇಲ್ಲ ಮೇಡಂ. ನಾನೇ ಬಂದೆ.”

“ಅವತ್ತು ಡಾಕ್ಟರೇ ಹೇಳಿದ್ರು ಅಂದ್ರಿ. ಇವತ್ತು ಇಲ್ಲ ಅಂತೀರಿ. ಆರ್ಡರ್ ಹೋಯ್ತು ಅಂತ ಮನೇಲಿ ಜಗಳ ಆಗಿರ್ಬೇಕು. ಅಣ್ಣ ಬೈದಿರ್ಬೇಕು. ಅಲ್ವಾ?”

“ಹಾಗಲ್ಲ ಮೇಡಂ. ಬಟ್ಟೆ ಸರಿಯಿದೆ. ನಾನು ಒಗೆದಿದ್ದು ಸರಿಯಿರ್ಲಿಲ್ಲ. ಲಾಂಡ್ರಿ ಸೆಂಟು ನೀರು ಹಾಕಿದ್ದೆ.”

“ಹತ್ತೊಂಬತ್ತು ವರ್ಷದಿಂದ ಲಾಂಡ್ರಿಯಲ್ಲಿದೀರಿ ಅಂತ ನಿಮ್ಮ ನಾದಿನಿ ಹೇಳ್ತಿದ್ರು. ಅಷ್ಟೂ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ಲಿಲ್ಲ.”

“ಡಾಕ್ಟರು ಕೇಳಿರ್ತಾರಲ್ಲ. ಯಾಕೆ ಹೇಳ್ಲಿಲ್ಲ?”

ಲಾಂಡ್ರಿಯಕ್ಕನಿಗೆ ಇದನ್ನೊಂದು ಹೇಳಿದರೆ ನಂಬುತ್ತಾರೆ ಎನಿಸಿತು. ಇಷ್ಟು ಮಾನಗೆಟ್ಟ ಮಾತನ್ನು ಯಾರೂ ಸುಳ್ಳಿಗೆ ಹೇಳುವುದಿಲ್ಲ.

“ಕದ್ದು ತಂದಿದ್ದೆ ಮೇಡಂ. ಅದಕ್ಕೆ ಹೇಳ್ಲಿಲ್ಲ.”

ವಾರ್ಡನ್ ಮೇಡಂ ಪುಸ್ತಕ ಮುಚ್ಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಬಳಿ ಅಪರಿಚಿತರ ಗುರುತಿನ ಚೀಟಿ ನೋಡುವಾಗ ಇರುವಂಥ ಎಚ್ಚರ ಇತ್ತು.

“ಕೆಲಸದ ಕಡೆ ಕದ್ದೆ ಅಂತೀರಿ, ಡಾಕ್ಟರಿಗೆ ಸುಳ್ಳು ಹೇಳಿದೆ ಅಂತೀರಿ. ನನಗೆ ಮಾತ್ರ ಇವತ್ತು ನಿಜ ಹೇಳ್ತಿದೀರಿ. ಅರವತ್ತು ಹುಡುಗಿಯರ ಜವಾಬ್ದಾರಿ ನಂದು. ನಿಮ್ಮ ಯಾವ ಮಾತು ನಂಬ್ಲಿ ಹೇಳಿ.”

ಒಳಗೆ ಹುಡುಗಿಯರು ಯಾವುದಕ್ಕೋ ನಗುತ್ತಿದ್ದರು. ಮೇಡಂ ಎದ್ದು ಕೀಲಿಗೊಂಚಲು ತೆಗೆದುಕೊಂಡಾಗ ಲಾಂಡ್ರಿಯಕ್ಕ ಹೊರಗೆ ಬಂದಳು.

ಮನೆ ಸೇರುವಾಗ ಬಿಸಿಲು ನೆತ್ತಿಗೇರಿತ್ತು. ನಾದಿನಿ ಹಜಾರದ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಕುಳಿತು ಬಟ್ಟೆ ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಏನಂದ್ರು?”

ಒಳ್ಳೆಯದಾಗಿ ಹೇಳಲು ಒಂದು ಸುಳ್ಳು ಬಾಯಿಗೆ ಬಂದೇ ಬಂತು. ನೋಡೋಣ ಅಂದ್ರು, ಯೋಚನೆ ಮಾಡ್ತಾರಂತೆ. ಲಾಂಡ್ರಿಯಕ್ಕ ಅದನ್ನು ನುಂಗಿಕೊಂಡಳು.

“ನಂಬ್ಲಿಲ್ಲ.”

ಕತ್ತರಿ ಒಂದು ಗಳಿಗೆ ನಿಂತು, ಗುರುತಿನ ಗೆರೆಯ ಮೇಲೆ ಮತ್ತೆ ಓಡಿತು. ನಾದಿನಿ ತುಂಡನ್ನು ಮಡಚಿ ಪಕ್ಕಕ್ಕಿಟ್ಟು, ಮೂಟೆಯಿಂದ ಇನ್ನೊಂದನ್ನು ಎಳೆದುಕೊಂಡಳು.

“ನಾಳೆ ಮತ್ತೆ ಎಷ್ಟು ಹೊತ್ತಿಗೆ ಹೋಗ್ತೀರಿ ಅವರ ಹತ್ರ?” ಎಂದು ಕೇಳಿದಳು.